ಚೇರ್ಮನ್ನರ ಮನೆಯ ಸಮುದ್ರ

"ಏಡಿಗೆ ದೇವರು ತಲೆ ಕೊಡ್ಲಿಲ್ಲ ಕಣ್ರಯ್ಯಾ. ಈ ಆಂಜಿನಪ್ಪಂಗೂ ಕೊಡ್ಲಿಲ್ಲ. ಅದಕ್ಕೇ ಇಬ್ರಿಗೂ ಅಷ್ಟು ದೋಸ್ತಿ!"

ಅರಳಿಕಟ್ಟೆಯ ಮೇಲೆ ಕುಳಿತು ಚೇರ್ಮನ್ ಕೋದಂಡರಾಮಪ್ಪನವರು ಹೀಗೆ ಹೇಳಿದಾಗ ಸುತ್ತ ನಲವತ್ತು ಜನ ಇದ್ದರು. ನಲವತ್ತು ಜನವೂ ನಕ್ಕರು. ಕಿವಿ ಮಂದವಾದ ಇಬ್ಬರು ಮುದುಕರು ಮಾತ್ರ ಪಕ್ಕದವರನ್ನು ಕೇಳಿ ತಿಳಿದುಕೊಂಡು, ಎಲ್ಲರ ನಗು ಮುಗಿದ ಮೇಲೆ ತಮ್ಮ ಪಾಲಿನದನ್ನು ನಕ್ಕರು. ಆಂಜಿನಪ್ಪನಿಗೆ ಮೈಯೆಲ್ಲ ಉರಿದುಹೋದದ್ದು ಆ ಎರಡು ನಗುವಿಗೇ.

ಅವನು ಕೇಳಿದ್ದು ದೊಡ್ಡದೇನಲ್ಲ. ಒಂದು ಕಬ್ಬಿಣದ ಸಲಾಕೆ.

ಮುಳಬಾಗಿಲು ತಾಲ್ಲೂಕಿನಲ್ಲಿ, ದೇವರಾಯಸಮುದ್ರದಿಂದ ಮೂರು ಮೈಲಿ ಆಚೆ ಚಿಕ್ಕಸಮುದ್ರ ಎಂಬ ಊರು. ಆ ಊರ ಕೆರೆಗೆ ಆಂಜಿನಪ್ಪನ ಅಪ್ಪ ಸೊಣ್ಣಪ್ಪ ಮೂವತ್ತು ವರ್ಷ ನೀರುಗಂಟಿಯಾಗಿದ್ದ. ತೂಬು ಎತ್ತಿ ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಲೆಕ್ಕ ತಪ್ಪದೆ ಬಿಡುವುದು, ಏಡಿಗಳು ಕೆರೆಕಟ್ಟೆಯಲ್ಲಿ ಕೊರೆದ ಬಿಲಗಳನ್ನು ಹುಡುಕಿ ಮುಚ್ಚುವುದು ಅವನ ಕೆಲಸ. ಹಿಂದಿನ ಶ್ರಾವಣದಲ್ಲಿ ಸೊಣ್ಣಪ್ಪ ಸತ್ತ. ತಿಥಿ ಊಟ ಉಂಡು, ಕೈ ತೊಳೆದುಕೊಂಡ ಚೇರ್ಮನ್ನರು ಹೋಗುವಾಗ ಮೂಲೆಯಲ್ಲಿದ್ದ, ತೂಬು ಎತ್ತುವ ಸಲಾಕೆಯನ್ನು "ಪಂಚಾಯ್ತಿ ಸೊತ್ತು" ಎಂದು ಹೆಗಲ ಮೇಲೆ ಹೊತ್ತುಕೊಂಡೇ ಹೋದರು. ಅಂದಿನಿಂದ ಅದು ಅವರ ನಡುಮನೆಯ ಬಾಗಿಲ ಹಿಂದೆ ನಿಂತಿತ್ತು. ನೀರುಗಂಟಿ ಕೆಲಸ ಅವರ ತಂಗಿಯ ಮಗ ಶ್ರೀನಿವಾಸಪ್ಪನಿಗೆ ಎಂದು ಊರೆಲ್ಲ ಮಾತಾಗಿತ್ತು. ಶ್ರೀನಿವಾಸಪ್ಪ ಎಸ್ಸೆಸ್ಸೆಲ್ಸಿಗೆ ಮೂರು ಸಲ ಕುಳಿತವನು, ಕೈಗೆ ವಾಚು ಕಟ್ಟುವವನು. ಕೆರೆಯ ಕಡೆ ಅವನು ದಿನಕ್ಕೊಂದು ಸಲ ಹೋಗುತ್ತಿದ್ದ, ಅದೂ ಚೊಂಬು ಹಿಡಿದುಕೊಂಡು. ಕಟ್ಟೆಯ ಬಿಲ ಮುಚ್ಚುವ ಕೆಲಸವನ್ನು ಆರು ತಿಂಗಳಿಂದ ಯಾರೂ ಹೇಳದೆ, ಯಾರೂ ಒಂದು ಮೊರ ಭತ್ತ ಕೊಡದೆ, ಆಂಜಿನಪ್ಪನೇ ಮಾಡುತ್ತಿದ್ದ.

ಇವನು ಓದಿದ್ದು ಐದನೇ ಕ್ಲಾಸಿನವರೆಗೆ. ಏಡಿಗೆ ಎಂಟು ಕಾಲು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಹತ್ತು ಎಂದು ಆಂಜಿನಪ್ಪ ಹಟ ಹಿಡಿದ. ಮೇಷ್ಟ್ರು ಬೆತ್ತ ಎತ್ತಿದರು. ಮಾರನೇ ದಿನ ಇವನು ಚಡ್ಡಿ ಜೇಬಿನಲ್ಲಿ ಸಾಕ್ಷಿ ತಂದು ಮೇಷ್ಟ್ರ ಮೇಜಿನ ಮೇಲೆ ಬಿಟ್ಟ. ಸಾಕ್ಷಿ ತನ್ನ ಹತ್ತು ಕಾಲುಗಳಲ್ಲಿ ಮುಂದಿನ ಎರಡನ್ನು ಮೇಷ್ಟ್ರ ಹೆಬ್ಬೆರಳಿಗೆ ಹಾಕಿತು. ವಾದದಲ್ಲಿ ಆಂಜಿನಪ್ಪ ಗೆದ್ದ, ಸ್ಕೂಲು ಬಿಟ್ಟ. ಸರಿಯಾದದ್ದನ್ನು ಹೇಳಿದವನು ಹೊರಗೆ, ತಪ್ಪು ಬರೆದವರು ಒಳಗೆ ಎಂಬ ಈ ಲೋಕದ ಕಾಯಿದೆ ಅವನಿಗೆ ಹತ್ತನೇ ವಯಸ್ಸಿನಲ್ಲೇ ತಿಳಿದುಹೋಗಿತ್ತು. ಸಿಟ್ಟು ಅಂದಿನಿಂದ ಇಳಿದಿರಲಿಲ್ಲ.

ಆದರೆ ಸಿಟ್ಟುಗಾರನಿಗೊಂದು ಕಷ್ಟ ಇದೆ. ತಕ್ಕ ಉತ್ತರ ಹೊಳೆಯುವುದು ಮನೆಗೆ ಬಂದ ಮೇಲೆ. ಅಂದು ಸಂಜೆಯಿಂದ ಆಂಜಿನಪ್ಪ ಚೇರ್ಮನ್ನರಿಗೆ ಕೊಡಬೇಕಾದ ಉತ್ತರಗಳನ್ನು ತಯಾರಿಸತೊಡಗಿದ. ಮೂರು ದಿನದಲ್ಲಿ ಹದಿನೇಳು ಉತ್ತರಗಳಾದವು. ಕೆರೆಕಟ್ಟೆಯ ಮೇಲೆ ಮೇಯುವ ಎಮ್ಮೆಗಳ ಮುಂದೆ ನಿಂತು ಒಂದೊಂದನ್ನೂ ಕೈ ತಿರುಗಿಸಿ ಹೇಳಿ ನೋಡಿದ. ಎಮ್ಮೆಗಳು ತಲೆ ತಗ್ಗಿಸಿದವು. ಅವನ ತಾಯಿ ಅಕ್ಕಯಮ್ಮ ಮಾತ್ರ, "ಲೇ ಮಗಾ, ಎಮ್ಮೆ ಹಾಲು ಕಮ್ಮಿ ಆಗೈತೆ, ಬೈಯೋದನ್ನ ಬೇರೆ ಕಡೆ ಇಟ್ಕೋ" ಎಂದಳು.

ಇತ್ತ ಚೇರ್ಮನ್ನರ ಮನೆಯಲ್ಲಿ ಒಂದು ಸಮುದ್ರ ಇತ್ತು.

ಇದು ಉತ್ಪ್ರೇಕ್ಷೆಯಲ್ಲ. ಅವರ ಹೆಂಡತಿ ಭಾರತಮ್ಮನ ಅಣ್ಣ ಮದ್ರಾಸಿನಲ್ಲಿ ಹಡಗಿನ ಕಂಪನಿಯೊಂದರಲ್ಲಿದ್ದ. ಸಂಕ್ರಾಂತಿಗೆ ಬಂದಾಗ ಅವನು ಮಂಚದಷ್ಟು ಉದ್ದದ ಗಾಜಿನ ಪೆಟ್ಟಿಗೆ, ಗುಳುಗುಳು ಎಂದು ಗಾಳಿ ಊದುವ ಮಿಷನ್ನು, ಪಟ್ಟೆ ಪಟ್ಟೆಯ ಮೂರು ಮೀನು, ಜೊತೆಗೆ ಡ್ರಮ್ಮಿನ ಉಪ್ಪುನೀರಿನಲ್ಲಿಟ್ಟು ಒಂದು ಜೀವಂತ ಹವಳದ ಬಂಡೆ ತಂದುಕೊಟ್ಟಿದ್ದ. ಬಂಡೆ ಎಂದರೆ ಬಂಡೆಯಲ್ಲ, ಗಿಡ ಎಂದರೆ ಗಿಡವಲ್ಲ. ನಮ್ಮ ಕಡೆಯ ಹೂಕೋಸಿಗೆ ಯಾರೋ ಗುಲಾಬಿ ಬಣ್ಣ ಎರಚಿದ ಹಾಗೆ ಒತ್ತೊತ್ತಾಗಿ ಕವಲೊಡೆದ ಒಂದು ವಸ್ತು. ಅದು ಬೆಳೆಯುತ್ತದೆ ಎಂದಿದ್ದ ಭಾವಮೈದ. ಬೆಳೆಯುವ ಹವಳ ಮನೆಯಲ್ಲಿದ್ದರೆ ಏಳು ತಲೆಮಾರಿಗೆ ಕುಜದೋಷವಿಲ್ಲ ಎಂದು ಚೇರ್ಮನ್ನರು ಅದಕ್ಕೆ ತಾವೇ ಸೇರಿಸಿದ್ದರು.

"ಊರಿನ ಹೆಸರಲ್ಲಿ ಸಮುದ್ರ ಇತ್ತು, ಊರಲ್ಲಿ ಎಲ್ಲಿತ್ರಯ್ಯಾ? ನಾನು ತಂದೆ!" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಂಬದವರು ಬೆರಳು ಅದ್ದಿ ನಾಲಿಗೆಗಿಟ್ಟು ನೋಡಬಹುದಿತ್ತು. ಊರಿಗೆ ಊರೇ ಬೆರಳು ಅದ್ದಿ ಹೋಗಿತ್ತು. ಮದ್ರಾಸಿಗೆ ಕೋಸು, ಟೊಮೇಟೊ ಒಯ್ಯುವ ಲಾರಿಯ ಡ್ರೈವರ್ ಕೊಂಡಪ್ಪ ವಾರಕ್ಕೊಮ್ಮೆ ಮರಳುವಾಗ ನಾಲ್ಕು ಕ್ಯಾನ್ ಕಡಲ ನೀರು ತುಂಬಿಸಿಕೊಂಡು ಬಂದು, ಬೀದಿ ಬಾಗಿಲಲ್ಲೇ ನಿಂತು, "ಅಣ್ಣಾ, ಸಮುದ್ರಂ ವಚ್ಚಿಂದಿ!" ಎಂದು, ಸಮುದ್ರ ಬಂತು ಎಂದು, ತೆಲುಗಿನಲ್ಲಿ ಕೂಗುತ್ತಿದ್ದ. ಬಂಗಾಳಕೊಲ್ಲಿಯನ್ನು ಹೀಗೆ ಹಾಲಿನವನ ಹಾಗೆ ಮನೆ ಬಾಗಿಲಿಗೆ ತರಿಸಿಕೊಂಡವರು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಫೆಬ್ರವರಿ ಹುಟ್ಟುವಷ್ಟರಲ್ಲಿ ಹವಳದ ಹೂಕೋಸಿನಲ್ಲಿ ಬಿಳಿ ಕಲೆ ಬಿತ್ತು. ಮೊದಲು ಉಗುರಿನಷ್ಟು. ಮೂರು ದಿನಕ್ಕೆ ರೂಪಾಯಿಯಷ್ಟು. ಗುಲಾಬಿ ಮಾಂಸ ಹೋಗಿ ಸುಣ್ಣದಂಥ ಮೂಳೆ ಕಾಣಿಸತೊಡಗಿತು. ಭಾರತಮ್ಮ ಗಾಜಿಗೆ ಮೂಗು ಒತ್ತಿ ನೋಡಿದಳು. ಕವಲುಗಳ ನಡುವೆ ಏನೋ ಅಲುಗಿತು.

"ಅಯ್ಯಯ್ಯೋ, ಏಡಿ ಕಣ್ರೀ! ನಮ್ಮ ಹವಳಾನ ಕೂತ್ಕೊಂಡು ಪರಪರಾಂತ ಪರಚ್ತಾ ಐತೆ!"

ನಿಜ. ಹೆಬ್ಬೆರಳ ಉಗುರಿನಷ್ಟು ಏಡಿ. ನಯವಾದ ಬಿಳಿ ಮೈ, ಮೇಲೆಲ್ಲ ಕುಂಕುಮದ ಬೊಟ್ಟು ಇಟ್ಟಂಥ ಚುಕ್ಕೆ. ಹಗಲೆಲ್ಲ ಎಲ್ಲರ ಕಣ್ಣೆದುರು ಕವಲಿಂದ ಕವಲಿಗೆ ಓಡಾಡಿಕೊಂಡು ಹವಳವನ್ನು ಕೆದಕುತ್ತ, ಕಾಲಿಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ ಇತ್ತು. ಕಳ್ಳನನ್ನು ಹಿಡಿಯಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ಆದರೂ ಚೇರ್ಮನ್ನರು ಕಾನೂನು ಬಲ್ಲವರು. ಕೋಲಾರದಿಂದ ಮೀನಿನ ಇನ್ಸ್‌ಪೆಕ್ಟರ್ ವೆಂಕಟರಾಯಪ್ಪನವರನ್ನು ಕರೆಸಿದರು. ಸರ್ಕಾರದಿಂದ ಕೆರೆಗಳಿಗೆ ಮೀನುಮರಿ ಬಿಡಿಸುವುದು ಆ ಸಾಹೇಬರ ಕೆಲಸ. ಸಮುದ್ರವನ್ನು ಅವರು ಕ್ಯಾಲೆಂಡರಿನಲ್ಲಿ ನೋಡಿದ್ದರು. ಕನ್ನಡಕ ಒರೆಸಿಕೊಂಡು, ಬೋಂಡ ತಿಂದು, ಒಂದು ಗಂಟೆ ವಿಚಾರ ಮಾಡಿ ಅವರು ಹೇಳಿದರು:

"ಕೆಂಪು ಅಂದ್ರೆ ಡೇಂಜರ್. ರೈಲ್ವೆಯವರೂ ಅದನ್ನೇ ಹೇಳ್ತಾರೆ. ತೆಗೆಸಿ ಸಾಯಿಸ್ಬಿಡಿ. ನಾನು ರಿಪೋರ್ಟ್ ಬರೀತೀನಿ."

ತೀರ್ಪೇನೋ ಆಯಿತು, ಏಡಿಯನ್ನು ಹಿಡಿಯುವವರು ಯಾರು? ಇನ್ಸ್‌ಪೆಕ್ಟರರು ಕೈ ಹಾಕುವುದು ಇಲಾಖೆಯ ನಿಯಮದಲ್ಲಿ ಇರಲಿಲ್ಲ. ಶ್ರೀನಿವಾಸಪ್ಪ ವಾಚು ಬಿಚ್ಚಿ, ತೋಳು ಮಡಿಸಿ, ಮತ್ತೆ ತೋಳು ಇಳಿಸಿ ವಾಚು ಕಟ್ಟಿಕೊಂಡ. ಕೊನೆಗೆ ಭಾರತಮ್ಮನೇ, "ಆ ಆಂಜಿನಪ್ಪನ್ನ ಕರೀರಿ. ಈ ಊರಲ್ಲಿ ಏಡಿ ಅಂದ್ರೆ ಅವನೇ ಅಲ್ವಾ" ಎಂದಳು. ಚೇರ್ಮನ್ನರು ಮೀಸೆ ತಿರುವುತ್ತ ಬೇರೆ ಕಡೆ ನೋಡಿದರು.

ಆಂಜಿನಪ್ಪ ಹದಿನೇಳು ಉತ್ತರಗಳನ್ನೂ ಬಾಯಲ್ಲಿಟ್ಟುಕೊಂಡೇ ಬಂದ. ಆದರೆ ನಡುಮನೆಗೆ ಕಾಲಿಟ್ಟ ಕೂಡಲೇ ಅವನಿಗೆ ಕಂಡದ್ದು ಬಾಗಿಲ ಹಿಂದೆ ನಿಂತಿದ್ದ ಅಪ್ಪನ ಸಲಾಕೆ. ಅಪ್ಪನ ಅಂಗೈ ತಾಗಿ ತಾಗಿ ನಡುವೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಕಡೆ ಈಗ ತುಕ್ಕು ಹಿಡಿದಿತ್ತು. ಅದರ ಮೇಲೆ ಯಾರದೋ ಒದ್ದೆ ಪಂಚೆ ಒಣಹಾಕಿದ್ದರು. ಆಂಜಿನಪ್ಪ ಪಂಚೆ ತೆಗೆದು ಮಡಚಿ ಪಕ್ಕಕ್ಕಿಟ್ಟು, ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

ಕುಳಿತವನು ಒಂದು ತಾಸು ಏಳಲಿಲ್ಲ.

"ಹಿಡೀತೀಯೋ, ಅದರ ಜಾತಕ ಬರೀತೀಯೋ?" ಎಂದರು ಚೇರ್ಮನ್ನರು.

ಆಂಜಿನಪ್ಪ ಬೆರಳು ನೀರಿಗಿಳಿಸಿದ. ಚುಕ್ಕೆ ಏಡಿ ಓಡಿಹೋಗಲಿಲ್ಲ. ಎರಡು ಕೊಂಡಿಯನ್ನೂ ಎತ್ತಿಕೊಂಡು ಮುಂದೆ ಬಂದು ಬೆರಳನ್ನು ಚುಟುಕ್ಕನೆ ಚಿವುಟಿ, ಹವಳದ ಬಾಗಿಲಲ್ಲೇ ನಿಂತಿತು.

"ನೋಡಿದ್ರಾ! ಕಚ್ತು!" ಎಂದರು ಇನ್ಸ್‌ಪೆಕ್ಟರ್. "ಹಾನಿಕಾರಕ!"

"ಕಾವಲುಗಾರ ಕಚ್ಚದೆ ಮುತ್ತು ಕೊಡ್ತಾನಾ ಸಾರ್?" ಎಂದ ಆಂಜಿನಪ್ಪ. "ಕಳ್ಳ ಆಗಿದ್ರೆ ಓಡೋಗೋದು. ಇದು ಅಡ್ಡ ನಿಂತ್ಕೊಂತು. ಇದು ಮನೆ ಕಾಯ್ತಾ ಐತೆ. ಕೆದಕ್ತಾ ಇರೋದು ಮೇಲಿನ ಲೋಳೆ, ಕಸ. ಬಿಳಿ ಕಲೆ ಹತ್ರ ಅದು ಹೋಗ್ತಾನೇ ಇಲ್ಲ. ತಿಂತಾ ಇರೋನು ಬೇರೆ, ಹಿಂದಗಡೆ ಎಲ್ಲೋ ಅವ್ನೆ."

"ಎಷ್ಟನೇ ಕ್ಲಾಸು ಓದಿದ್ದೀಯಪ್ಪಾ?"

ಆಂಜಿನಪ್ಪನ ಕಿವಿ ಕೆಂಪಾದವು. "ಏಡಿ ಓದಿದ್ದೀನಿ ಸಾರ್" ಎಂದ.

ಚೇರ್ಮನ್ನರಿಗೆ ಇದೊಂದು ಮಜಾ ಎನಿಸಿತು. "ಸರಿ ಕಣೋ. ಶನಿವಾರ ಸೂರ್ಯಗ್ರಹಣ. ಗ್ರಹಣ ಬಿಡೋವರೆಗೆ ಟೈಮ್ ಕೊಡ್ತೀನಿ. ನಿನ್ನ ಹಿಂದಗಡೆ ಕಳ್ಳನ್ನ ತೋರಿಸ್ದೆ ಅಂದ್ರೆ ಸಲಾಕೆ ತಗೊಂಡ್ಹೋಗು, ಕೆರೆ ನಿಂದು. ತೋರಿಸ್ಲಿಲ್ವಾ, ಈ ಏಡಿನ ನಿನ್ನ ಕಾಲಡೀಲೇ ಹಾಕಿ ತುಳಿಸ್ತೀನಿ, ಕೆರೆಕಟ್ಟೆ ಮೇಲೆ ಮತ್ತೆ ಕಾಲಿಡಬಾರ್ದು. ಏನಂತೀಯ?"

ನಾಲ್ಕು ದಿನ ಇತ್ತು. ಆಂಜಿನಪ್ಪ ತಲೆಯಾಡಿಸಿದ.

ಮೊದಲನೆಯ ದಿನ ನೋಡಿದ. ಕೆರೆಕಟ್ಟೆಯಲ್ಲಿ ಕೇಡಿನ ಏಡಿಯ ಬಾಗಿಲಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಗಾಜಿನ ಹಿಂಬದಿಯಿಂದ ಬಗ್ಗಿ ನೋಡಿದರೆ ಹವಳದ ಬುಡದಲ್ಲಿ ಒಂದು ತೂತಿನ ಮುಂದೆ ಅಕ್ಕಿನುಚ್ಚಿನಂಥ ಬಿಳಿ ಚೂರುಗಳ ಗುಡ್ಡೆ. ತೂತಿನಲ್ಲಿ ಮಾತ್ರ ಏನೂ ಕಾಣಲಿಲ್ಲ. ಎರಡನೆಯ ದಿನವೂ ಕಾಣಲಿಲ್ಲ. ಕತ್ತಲಾದರೆ ಚೇರ್ಮನ್ನರು ಅವನನ್ನು ಆಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂರನೆಯ ದಿನ ಅವನು ಅಪ್ಪನ ವಿದ್ಯೆಯನ್ನು ಹೊರತೆಗೆದ.

ಆ ವಿದ್ಯೆ ಹೀಗೆ: ಸಂಜೆ ಕಟ್ಟೆಯ ಬಿಲಗಳಿಗೆಲ್ಲ ಜೇಡಿಮಣ್ಣು ಮೆತ್ತಬೇಕು. ಬೆಳಿಗ್ಗೆ ಯಾವುದು ಒಳಗಿನಿಂದ ತೆರೆದಿದೆಯೋ ಅದರಲ್ಲಿ ಏಡಿ ಇದೆ. ಚೇರ್ಮನ್ನರ ಸಮುದ್ರಕ್ಕೆ ಮಣ್ಣು ಹಾಕುವುದು ಮರ್ಯಾದೆಯಲ್ಲ ಎಂದು ಆಂಜಿನಪ್ಪ ಬಹಳ ಯೋಚಿಸಿದ. ಯೋಚಿಸಿ, ಅಡಿಗೆಮನೆಯಿಂದ ಒಂದು ರಾಗಿಮುದ್ದೆ ಈಸಿಕೊಂಡು, ಚಿಕ್ಕ ಚಿಕ್ಕ ಬಿರಡೆ ಮಾಡಿ ಹವಳದ ತೂತುಗಳಿಗೆಲ್ಲ ಮೆತ್ತಿದ.

ಬೆಳಗಾಗುವಷ್ಟರಲ್ಲಿ ಬಂಗಾಳಕೊಲ್ಲಿ ಅಂಬಲಿಯಾಗಿತ್ತು.

ಮೂರು ಮೀನೂ ಮೇಲಕ್ಕೆ ಬಂದು ಬಾಯಿ ತೆರೆದುಕೊಂಡು ಚೇರ್ಮನ್ನರನ್ನೇ ನೋಡುತ್ತಿದ್ದವು. ಚೇರ್ಮನ್ನರ ಕೂಗು ಅರಳಿಕಟ್ಟೆಯವರೆಗೆ ಕೇಳಿಸಿತು. ಪುಣ್ಯಕ್ಕೆ ಅದೇ ಹೊತ್ತಿಗೆ ಕೊಂಡಪ್ಪನ ಲಾರಿ ಬಂತು. "ಸಮುದ್ರಂ ವಚ್ಚಿಂ..." ಎಂದವನು ಪೆಟ್ಟಿಗೆಯನ್ನು ನೋಡಿ, "ಇದಕ್ಕೆ ಉಪ್ಪು ಹಾಕ್ಬಿಟ್ಟವ್ರೆ, ಒಂದೀಟು ಮಜ್ಜಿಗೆ ಹಾಕಿದ್ರೆ ಕುಡೀಬೋದು ಅಣ್ಣಾ" ಎಂದ. ಕ್ಯಾನುಗಳನ್ನು ಸುರಿದು, ಅಂಬಲಿಯನ್ನು ಮೊಗೆದು ಚೆಲ್ಲಿ, ಸಮುದ್ರವನ್ನು ಹೇಗೋ ಉಳಿಸಿದರು. ಬೈಗುಳದ ಮಳೆಯಲ್ಲಿ ತೋಯುತ್ತಲೇ ಆಂಜಿನಪ್ಪ ಹಿಂಬದಿಗೆ ಹೋಗಿ ನೋಡಿದ. ಎಲ್ಲ ಬಿರಡೆಗಳೂ ಕರಗಿ ಅಲ್ಲಲ್ಲೇ ಅಂಟಿದ್ದವು. ಬುಡದ ತೂತಿನದು ಮಾತ್ರ ಇಡಿಯಾಗಿ ಆಚೆ ತಳ್ಳಿಸಿಕೊಂಡು ಬಿದ್ದಿತ್ತು.

"ಅವ್ನೆ ಒಳಗೆ! ನೋಡ್ರಿ ಯಜಮಾನ್ರೇ, ಮುದ್ದೆ ತಳ್ಳವ್ನೆ!"

"ನಿನ್ನ ತಳ್ತೀನಿ ಈಗ!" ಎಂದರು ಚೇರ್ಮನ್ನರು. ಇನ್ಸ್‌ಪೆಕ್ಟರರ ರಿಪೋರ್ಟಿಗೆ ಒಂದು ಹೊಸ ಪುಟ ಸೇರಿತು.

ಎಂಬತ್ತನೇ ಇಸವಿಯ ಆ ಗ್ರಹಣದ ದಿನ ನೆನಪಿದ್ದವರಿಗೆ ಗೊತ್ತು. ಮಧ್ಯಾಹ್ನಕ್ಕೇ ಬೀದಿಗಳಲ್ಲಿ ನಾಯಿ ಕೂಡ ಇರಲಿಲ್ಲ. ನೋಡಿದರೆ ಕಣ್ಣು ಹೋಗುತ್ತದೆ ಎಂದು ರೇಡಿಯೊ ಹೇಳಿತು. ನೋಡದಿದ್ದರೂ ಏನೇನು ಹೋಗುತ್ತದೆ ಎಂದು ಊರಿನ ಮುದುಕಿಯರು ಹೇಳಿದರು. ಬಸ್ಸುಗಳು ನಿಂತವು. ಏಡಿಯ ಮರಣದಂಡನೆಗೆ ಸಾಕ್ಷಿಯಾಗಲು ಬಂದಿದ್ದ ಇನ್ಸ್‌ಪೆಕ್ಟರರು ಚೇರ್ಮನ್ನರ ಮನೆಯಲ್ಲೇ ಸಿಕ್ಕಿಕೊಂಡರು. ಪಕ್ಕದ ಮನೆಯ ಬಚ್ಚಮ್ಮ ತನ್ನ ಓರಗಿತ್ತಿಯರು, ಸೊಸೆಯರು ಎಲ್ಲರನ್ನೂ ಕಟ್ಟಿಕೊಂಡು ಅಲ್ಲಿಗೇ ಬಂದಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಖಾಲಿ ಚೊಂಬು. ಚೊಂಬು ಯಾಕೆ ಎಂದು ಯಾರೂ ಕೇಳಲಿಲ್ಲ.

ಭಾರತಮ್ಮ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದಳು. ನೀರಿನ ಹಂಡೆ, ಉಪ್ಪಿನಕಾಯಿ ಜಾಡಿ, ಹಾಲಿನ ಪಾತ್ರೆ ಎಲ್ಲದರ ಮೇಲೂ ದರ್ಭೆ ಇಟ್ಟಳು. ಸಮುದ್ರದ ಮೇಲೂ ನಾಲ್ಕು ಎಸಳು ಇಟ್ಟಳು. ಇಡೀ ಸಮುದ್ರವನ್ನು ಗ್ರಹಣದಿಂದ ಹೀಗೆ ಕಾಪಾಡಿದ್ದು ಚರಿತ್ರೆಯಲ್ಲಿ ಅದೇ ಮೊದಲು.

ಹೊರಗೆ ಹಗಲು ಮಂಕಾಗತೊಡಗಿತು. ಒಳಗೆ, ಮೂರೂವರೆ ಗಂಟೆಗೆ, ಕಣ್ಣಿಗೆ ಕೈ ಕಾಣದ ಕತ್ತಲು. ಇಪ್ಪತ್ತು ಜನ ಮೈಗೆ ಮೈ ತಾಗಿಸಿ ಕುಳಿತಿದ್ದರು. ಗಾಳಿ ಮಿಷನ್ನಿನ ಗುಳುಗುಳು ಬಿಟ್ಟರೆ ಸದ್ದಿಲ್ಲ. ಆಂಜಿನಪ್ಪ ಪೆಟ್ಟಿಗೆಯ ಹಿಂದೆ ಗೋಡೆಗೊತ್ತಿ ಕುಳಿತಿದ್ದ. ಗ್ರಹಣ ಬಿಡಲು ಇನ್ನೊಂದು ತಾಸು. ಆಮೇಲೆ ಚುಕ್ಕೆ ಏಡಿಯೂ ಇಲ್ಲ, ಸಲಾಕೆಯೂ ಇಲ್ಲ.

ಟಿಕ್.

"ಯಾರದು ಅಡಿಕೆ ಕಡೀತಿರೋದು? ಗ್ರಹಣದಲ್ಲಿ ಏನೂ ತಿನ್ಬಾರ್ದು!" ಎಂದು ಬಚ್ಚಮ್ಮ ಗದರಿದಳು.

"ನಾನಲ್ಲ" ಎಂದು ಇನ್ಸ್‌ಪೆಕ್ಟರರು ತುಂಬಿದ ಬಾಯಲ್ಲಿ ಹೇಳಿದರು.

ಟಿಕ್. ಟಿಕ್. ಸದ್ದು ಗಾಜಿನ ಒಳಗಿನಿಂದ ಬರುತ್ತಿತ್ತು.

ಆಂಜಿನಪ್ಪನಿಗೆ ಆಗ ಹೊಳೆಯಿತು. ಕಳ್ಳನಿಗೆ ಬೇಕಾದದ್ದು ರಾತ್ರಿಯಲ್ಲ, ಕತ್ತಲು. ಕತ್ತಲನ್ನು ಭಾರತಮ್ಮ ಹಗಲಲ್ಲೇ ಕಂಬಳಿಯಲ್ಲಿ ಕಟ್ಟಿಕೊಟ್ಟಿದ್ದಾಳೆ. "ಅಕ್ಕಾ, ಟಾರ್ಚ್!" ಎಂದು ಕಿರುಚಿದ. ಗ್ರಹಣದಲ್ಲಿ ಬೆಳಕು ಹಚ್ಚಬಹುದೆ ಎಂಬ ಪ್ರಶ್ನೆಗೆ ಶಾಸ್ತ್ರದ ಉತ್ತರ ಸಿಗುವ ಮೊದಲೇ ಟಾರ್ಚು ಅವನ ಕೈಗೆ ಬಂದು ಹೊತ್ತಿಕೊಂಡಿತು.

ಇಪ್ಪತ್ತು ಜನವೂ ಕಂಡರು. ಬುಡದ ತೂತಿನಿಂದ ಅರ್ಧಕ್ಕಿಂತ ಹೆಚ್ಚು ಆಚೆ ಬಂದು ಒಂದು ದಪ್ಪ ಏಡಿ ಹವಳದ ಮೇಲೆ ಹತ್ತಿ ಕುಳಿತಿತ್ತು. ಮೈತುಂಬ, ಕಾಲುತುಂಬ ಕರಡಿಯ ಹಾಗೆ ಕೂದಲು. ಕೊಂಡಿಗಳ ತುದಿ ಕೀಲೆಣ್ಣೆಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ಆ ಕಪ್ಪು ಇಕ್ಕಳದಲ್ಲಿ ಗುಲಾಬಿ ಹವಳವನ್ನು ಮುರಿದು ಮುರಿದು ತಿನ್ನುತ್ತಿತ್ತು. ಅದರ ಎದುರಿಗೆ, ಅದರ ಕಾಲುಭಾಗವೂ ಇಲ್ಲದ ಕುಂಕುಮದ ಏಡಿ ಕವಲುಗಳ ನಡುವೆ ಅಡ್ಡಲಾಗಿ ನಿಂತು, ಎರಡೂ ಕೊಂಡಿ ಚಾಚಿ, ಕರಡಿಯನ್ನು ನೂಕುತ್ತಿತ್ತು. ಹಿಂದಕ್ಕೆ ಸರಿದಾಗಲೆಲ್ಲ ಮತ್ತೆ ಮುಂದಕ್ಕೆ ಬಂದು ನೂಕುತ್ತಿತ್ತು. ಅದರ ಒಂದು ಕಾಲು ಆಗಲೇ ಮುರಿದುಹೋಗಿತ್ತು.

ಹಗಲೆಲ್ಲ ಕೊಲೆಗಾರ ಎನಿಸಿಕೊಂಡು, ಕತ್ತಲಲ್ಲಿ ಯಾರೂ ನೋಡದಿದ್ದರೂ ತನ್ನ ಮನೆಗಾಗಿ ಒಂಬತ್ತು ಕಾಲಿನಲ್ಲಿ ನಿಂತಿತ್ತು ಆ ಉಗುರಿನಷ್ಟು ಜೀವ. ಭಾರತಮ್ಮ ಮೆಲ್ಲಗೆ ಕೈ ಮುಗಿದಳು.

ಆಂಜಿನಪ್ಪ ಕೈ ಇಳಿಸಿದ. ಕರಡಿ ಏಡಿ ಅವನ ಹೆಬ್ಬೆರಳಿಗೆ ಇಕ್ಕಳ ಹಾಕಿತು. ರಕ್ತ ನೀರಿನಲ್ಲಿ ದಾರದಂತೆ ಎಳೆಯಾಗಿ ಹರಿಯಿತು. ಅವನು ಬೆರಳಿಗೆ ನೇತಾಡುತ್ತಿದ್ದ ಹಾಗೆಯೇ ಅದನ್ನು ಎತ್ತಿ ಉಪ್ಪುನೀರಿನ ಬಕೆಟ್ಟಿಗೆ ಬಿಟ್ಟು, "ಕೊಂಡಪ್ಪಣ್ಣಂಗೆ ಕೊಡಿ. ಮದ್ರಾಸಿಗೆ ವಾಪಸ್ ಹೋಗ್ಲಿ. ಅದಕ್ಕೂ ಹೊಟ್ಟೆ ಐತೆ, ಆದ್ರೆ ಇಲ್ಲಿ ಬೇಡ" ಎಂದ.

"ನಾನು ಮೊದಲೇ ಅಂದ್ಕೊಂಡಿದ್ದೆ" ಎಂದರು ಇನ್ಸ್‌ಪೆಕ್ಟರರು, ರಿಪೋರ್ಟನ್ನು ಮಡಚಿ ಮಡಚಿ ಜೇಬಿನ ಮೂಲೆಗೆ ತುರುಕುತ್ತ. "ಕೂದಲು ಅಂದ್ರೆ ಡೇಂಜರ್."

ತಾಸಿನ ಮೇಲೆ ಗ್ರಹಣ ಬಿಟ್ಟಿತು. ಕಂಬಳಿ ಸರಿಸಿದರು. ಬೆಳಕು ಬಿದ್ದದ್ದೇ ತಡ, ಬಚ್ಚಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಗ್ರಹಣ ಬಿಟ್ಟ ಮೇಲೆ ಸಮುದ್ರಸ್ನಾನ ಮಾಡಿದ್ರೆ ಕೋಟಿ ಪುಣ್ಯ ಕಣ್ರೇ, ಬನ್ರೇ!" ಎಂದು ಮೊದಲ ಚೊಂಬನ್ನು ಪೆಟ್ಟಿಗೆಗೆ ಅದ್ದಿದಳು. ಹಿಂದೆಯೇ ಓರಗಿತ್ತಿಯರು. ಸುದ್ದಿ ತಿಳಿದು ಬೀದಿಯ ಉಳಿದ ಹೆಂಗಸರು ಬಿಂದಿಗೆ ಸಮೇತ ಬಂದರು. ಒಬ್ಬಳು ದನಕ್ಕೂ ಒಂದಿಷ್ಟು ಬೇಕೆಂದಳು.

"ಅಯ್ಯೋ ನನ್ನ ಸಮುದ್ರ! ಲೇ ಬಚ್ಚಮ್ಮಾ! ಲೇ ಸೀನಾ, ತಡ್ಯೋ!"

ಶ್ರೀನಿವಾಸಪ್ಪ ತಡೆಯಲು ಹೋಗಿ ಎರಡು ಚೊಂಬು ಪುಣ್ಯವನ್ನು ವಾಚಿನ ಮೇಲೆ ಹೊಯ್ಯಿಸಿಕೊಂಡು ಹಿಂದೆ ಸರಿದ. ಸಮುದ್ರ ಕಾಲುಭಾಗಕ್ಕೆ ಇಳಿಯಿತು. ಹವಳದ ತುದಿ ಗಾಳಿಗೆ ಬಂತು. ಕುಂಕುಮದ ಏಡಿ ತುದಿಗೆ ಹತ್ತಿ ಬಚ್ಚಮ್ಮನ ಚೊಂಬಿಗೂ ಕೊಂಡಿ ಎತ್ತಿತು.

ಆಂಜಿನಪ್ಪ ಎದ್ದು ಪೆಟ್ಟಿಗೆಯ ಮುಂದೆ ಅಡ್ಡ ನಿಂತ. ಕೈ ಎತ್ತಲಿಲ್ಲ. ರಕ್ತ ಸುರಿಯುವ ಹೆಬ್ಬೆರಳನ್ನು ಪಂಚೆಯಲ್ಲಿ ಸುತ್ತಿಕೊಂಡು ಸುಮ್ಮನೆ ನಿಂತ. "ಆಯ್ತು ಬಚ್ಚಕ್ಕ. ಪಾಳಿ ಮುಗೀತು. ನೀರು ನಿಲ್ಲಿಸಿದ್ದೀನಿ" ಎಂದ. ಮೂವತ್ತು ವರ್ಷ ಸೊಣ್ಣಪ್ಪ ಗದ್ದೆಯ ಬದುವಿನಲ್ಲಿ ನಿಂತು ಹೇಳುತ್ತಿದ್ದ ಅದೇ ಮಾತು, ಅದೇ ಗಂಟಲು. ಬಚ್ಚಮ್ಮ ತುಂಬಿದ ಚೊಂಬನ್ನು ಪೆಟ್ಟಿಗೆಗೇ ಸುರಿದಳು. ಒಬ್ಬರ ಹಿಂದೊಬ್ಬರು ಎಲ್ಲರೂ ಸುರಿದರು. ಹವಳ ಮುಳುಗಿತು.

ನಡುಮನೆ, ಜಗಲಿ, ಅಂಗಳ ಎಲ್ಲ ಕಡೆ ಜನ. ಅರಳಿಕಟ್ಟೆಯ ನಲವತ್ತೂ ಇಲ್ಲಿದ್ದರು. ಕಿವಿ ಮಂದವಾದ ಮುದುಕರಿಬ್ಬರೂ ಮುಂದಿನ ಸಾಲಿನಲ್ಲಿದ್ದರು. ಚೇರ್ಮನ್ನರು ಬಾಗಿಲ ಹಿಂದಿನ ಸಲಾಕೆಯನ್ನು ತಾವೇ ತಂದು ಕೊಟ್ಟರು. ಆಂಜಿನಪ್ಪ ತೆಗೆದುಕೊಂಡ. ತುಕ್ಕು ಹಿಡಿದಿದ್ದ ಜಾಗವನ್ನು ಅಂಗೈಯಿಂದ ಒಮ್ಮೆ ಉಜ್ಜಿದ.

"ಲೇ ಆಂಜಿನಪ್ಪಾ" ಎಂದರು ಚೇರ್ಮನ್ನರು, ಕೊಂಚ ಮೆತ್ತಗೆ. "ಅವತ್ತು ಕಟ್ಟೆ ಮೇಲೆ ಏನೋ ಒಂದು ಮಾತು ಅಂದೆ. ಏಡಿಗೆ ತಲೆ ಇಲ್ಲ, ನಿಂಗೂ ಇಲ್ಲ ಅಂತ. ಈಗ ನೀನು ಏನು ಬೇಕಾದ್ರೂ ಅನ್ಬೋದು. ಎಲ್ರೂ ಅವ್ರೆ. ಅನ್ನೋ. ಏನಂತೀಯ?"

ಜನ ಕತ್ತು ಚಾಚಿದರು. ಹೊರಗೆ ಕಟ್ಟಿದ್ದ ಎಮ್ಮೆ ಕೂಡ ಕಿವಿ ನಿಮಿರಿಸಿತು. ಅದಕ್ಕೆ ಹದಿನೇಳೂ ಗೊತ್ತಿದ್ದವು.

ಆಂಜಿನಪ್ಪ ಬಗ್ಗಿ ಗಾಜಿನೊಳಗೆ ನೋಡಿದ. ಕುಂಕುಮದ ಏಡಿ ಆಗಲೇ ಒಂಬತ್ತು ಕಾಲಿನಲ್ಲಿ ಕವಲಿಂದ ಕವಲಿಗೆ ಓಡಾಡುತ್ತ ಕಸ ತೆಗೆಯುತ್ತಿತ್ತು. ಮೇಲೆ ಯಾರಿದ್ದಾರೆ ಎಂದು ತಿರುಗಿಯೂ ನೋಡಲಿಲ್ಲ.

ಕಿಟಕಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಕೆಳಗಿನ ಬಯಲಿನ ಗದ್ದೆಗಳಿಗೆ ನೀರು ಬಿಡುವ ಹೊತ್ತು ಆಗಲೇ ಮೀರಿತ್ತು. ಅವನು ಸಲಾಕೆಯನ್ನು ಹೆಗಲಿಗೇರಿಸಿದ, ಮೆಟ್ಟಿಲಿಳಿದ, ಜನ ಬಿಟ್ಟ ದಾರಿಯಲ್ಲಿ ಕೆರೆಯ ಕಡೆ ನಡೆದ.

"ಲೇ, ನಿಂಗೇ ಕೇಳಿದ್ದು ಕಣೋ!" ಎಂದು ಚೇರ್ಮನ್ನರು ಹಿಂದಿನಿಂದ ಕೂಗಿದರು.

ಆಂಜಿನಪ್ಪ ನಡೆಯುತ್ತಲೇ ಇದ್ದ.